ತಾಯಿಯ ನಿರ್ಲಕ್ಷ್ಯ

ಮೂವತ್ತೊಂದು ವರ್ಷ ಮಕ್ಕಳ ಕಲ್ಯಾಣ ಕಚೇರಿಯಲ್ಲಿ ದುಡಿದ ಮೇಡಂಗೆ ಜನ ಇಟ್ಟ ಅಡ್ಡಹೆಸರು ಫೈಲಮ್ಮ. ಕಂಕುಳಲ್ಲಿ ಫೈಲಿಲ್ಲದೆ ಅವರನ್ನು ಕಂಡವರೇ ಇರಲಿಲ್ಲ. ನಿವೃತ್ತಿಯಾದ ಮರುತಿಂಗಳು ಮಂಡಿನೋವೆಂದು ಆಸ್ಪತ್ರೆಗೆ ಹೋಗಿ ಚೀಟಿಯ ಸಾಲಿನಲ್ಲಿ ನಿಂತಿದ್ದರು. ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಮಗಳು ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು.

"ಗುರುತು ಸಿಗಲಿಲ್ವಾ ಮೇಡಂ? ನಮ್ಮನೆಗೆ ಬಂದು ಬರ್ಕೊಂಡು ಹೋಗಿದ್ರಲ್ಲ, ತಾಯಿಯ ನಿರ್ಲಕ್ಷ್ಯ, ಅದಕ್ಕೇ ಮಗುಗೆ ಮಾತಿಲ್ಲ ಅಂತ."

ಆ ಒಂದು ಸಾಲಿನಿಂದ ಮಗುವನ್ನು ಎರಡು ವರ್ಷ ತಾಯಿಯಿಂದ ದೂರ ಇಟ್ಟಿದ್ದರು. ಅದನ್ನೇ ನೆಪ ಮಾಡಿಕೊಂಡು ಗಂಡ ಮನೆ ಬಿಟ್ಟಿದ್ದ. ಇದು ಆಟಿಸಂ ಎಂದು ವೈದ್ಯರು ಹೇಳಿದ್ದು ಮಗಳಿಗೆ ಹತ್ತೊಂಬತ್ತಾದ ಮೇಲೆ.

"ತಪ್ಪಾಯ್ತಮ್ಮ."

"ಈಗ ಒಪ್ಕೊಂಡ್ರೆ ನನಗೇನು ಬಂತು? ನಾನು ಸ್ನಾನ ಮಾಡೋವಷ್ಟು ಹೊತ್ತಾದ್ರೂ ಇವಳ ಹತ್ರ ಕೂರೋರು ಬೇಕು. ಬರ್ತೀರಾ?"

ಹೋದರು. ಎರಡು ಕೋಣೆಯ ಮನೆ, ಕಿಟಕಿಗೆ ಗಾಜಿನ ಬದಲು ರಟ್ಟು, ಕಪಾಟಿಗೆಲ್ಲ ಹಗ್ಗ. ಮೊದಲ ದಿನವೇ ಮಗಳು ಅವರ ಮುಂಗೈ ಕಚ್ಚಿದಳು. "ನಿಮ್ಮ ಹಾಜರಿ ಹಾಕಿದ್ಳು ಬಿಡಿ," ತಾಯಿ ನಕ್ಕಳು.

ಆಮೇಲೆ ತಾಯಿಯೇ ಇಂಥವೇ ಇನ್ನೂ ನಾಲ್ಕು ಮನೆ ತೋರಿಸಿದಳು. ಫೈಲಮ್ಮ ಅಲ್ಲೂ ಕೂತರು, ಅವರ ಪರವಾಗಿ ಅರ್ಜಿ ಬರೆದರು, ಹಳೆಯ ಕಚೇರಿಯ ಮೆಟ್ಟಿಲು ಸವೆಸಿದರು. ಎಲ್ಲ ಮನೆಯಲ್ಲೂ ಕೇಳುತ್ತಿದ್ದುದು ಒಂದೇ: "ನಮ್ಮ ಕಾಲ ಆದ್ಮೇಲೆ ಇವರ ಗತಿ ಏನು?"

ಆರನೇ ವರ್ಷ ಆ ತಾಯಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಅವಳು ಆಸ್ಪತ್ರೆ ಸೇರಿದಾಗ ಫೈಲಮ್ಮ ಹದಿನೇಳು ಆಶ್ರಮಗಳ ಬಾಗಿಲು ತಟ್ಟಿದರು. ಒಂದು ಕಡೆ "ಕಚ್ಚೋರು ಬೇಡ" ಅಂದರು, ಇನ್ನೊಂದು ಕಡೆ "ವಯಸ್ಸು ಮೀರಿದೆ" ಅಂದರು. ಕೊನೆಗೆ ಮಗಳನ್ನು ತಮ್ಮ ಮನೆಗೇ ಕರೆತಂದರು. ಅಮ್ಮನನ್ನು ಕೋಣೆ ಕೋಣೆಯಲ್ಲಿ ಹುಡುಕಿದ ಅವಳು ಹತ್ತನೇ ದಿನ ಗೋಡೆಗೆ ಹಣೆ ಜಜ್ಜಿಕೊಂಡಳು. ಅರವತ್ತಾರರ ಕೈಗಳಿಗೆ ತಡೆಯಲು ಆಗಲಿಲ್ಲ. ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿಗೆ ಸೇರಿಸುವ ಕಾಗದಕ್ಕೆ ಫೈಲಮ್ಮನೇ ಸಹಿ ಹಾಕಿದರು.

ಸುದ್ದಿ ಕೇಳಿದ ತಾಯಿ ಮುಖ ತಿರುಗಿಸಿ ಮಲಗಿದಳು. ನಾಲ್ಕೇ ದಿನಕ್ಕೆ ತೀರಿಕೊಂಡಳು.

ಉಳಿದ ಮನೆಗಳಿಗೆ ಫೈಲಮ್ಮ ಈಗಲೂ ಹೋಗುತ್ತಾರೆ. ಮೊನ್ನೆ ಒಬ್ಬ ಅಜ್ಜಿ ಕೇಳಿದಳು: "ಆ ಹುಡುಗಿಗೆ ಎಲ್ಲೋ ಜಾಗ ಸಿಕ್ತಂತಲ್ಲ. ಹೇಗಿದ್ದಾಳೆ?"

"ಚೆನ್ನಾಗಿಲ್ಲ ಅಜ್ಜಿ. ಮಂಪರಲ್ಲೇ ಇರ್ತಾಳೆ. ನನ್ನ ಗುರುತೂ ಸಿಗಲ್ಲ."

ಅಜ್ಜಿ ಮೊಮ್ಮಗಳ ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತಾ ಕೂತಳು.