ಗಂಜಾಂ ಅವ್ವನ ದನಿಯಲ್ಲಿ ನಾನು ಕೊಟ್ಟ ಹಾಜರಿ

ಒಳ್ಳೆಯ ಸಭೆ ಯಾವುದು ಎಂದು ಈಗ ಎಲ್ಲರೂ ಮಾತಾಡುತ್ತಾರೆ. ಆಗೀಗ ಬಂದು ಪ್ರಸಂಗ ಮಾಡಿ ಹೋಗುವ ಎಳೆಯ ಪಾಸ್ಟರುಗಳನ್ನು ಕೇಳಿದರೆ ಡ್ರಮ್ಮು, ಕೀಬೋರ್ಡು, ಗೋಡೆಯ ಮೇಲೆ ಹಾಡಿನ ಸಾಲು ತೋರಿಸುವ ಪ್ರೊಜೆಕ್ಟರು ಎನ್ನುತ್ತಾರೆ. ನನಗೆ ನಗು ಬರುತ್ತದೆ. ನಮ್ಮ ಪಾಂಡವಪುರದ ಸಭೆಯಲ್ಲಿ ಒಂದು ಹಾರ್ಮೋನಿಯಂ ಇದೆ. ಅದರ ಮೂರು ಮನೆ ಒತ್ತಿದರೆ ಮೇಲೇಳುವುದಿಲ್ಲ. ಹಾಡುವವರಲ್ಲಿ ಅರ್ಧ ಜನಕ್ಕೆ ಹಲ್ಲಿಲ್ಲ. ಆದರೂ ಎದೆ ತಟ್ಟಿ ಹೇಳುತ್ತೇನೆ, ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮಂಥ ಸಭೆ ಇನ್ನೊಂದು ಇರಲಿಲ್ಲ. ಅದನ್ನು ಕೆಡಿಸಿದವನೂ ನಾನೇ. ಗಂಜಾಂನ ಒಬ್ಬ ಮುದುಕಿ ಸೊಂಟ ಮುರಿದುಕೊಂಡು ಶನಿವಾರದಿಂದ ಮಂಗಳವಾರದವರೆಗೆ ನೆಲದ ಮೇಲೆ ಬಿದ್ದಿದ್ದಳು. ಉಳಿಯುತ್ತಾಳೋ ಇಲ್ಲವೋ ಎಂದು ಆಮೇಲೆ ಒಂದೂವರೆ ತಿಂಗಳು ಎಲ್ಲರೂ ಕಾದೆವು. ಅದಕ್ಕೆ ಕಾರಣ ನನ್ನ ಗಂಟಲು.

ಗಂಟಲಿನ ವಿಷಯ ಮೊದಲು ಹೇಳಬೇಕು. ನಾನು ಶೀಳನೆರೆಯ ಆಚಾರಿ, ಮರಗೆಲಸದವನು. ಕೈ ಚೆನ್ನಾಗಿದೆ, ಗಂಟಲು ಅದಕ್ಕಿಂತ ಚೆನ್ನಾಗಿದೆ. ಯಾರ ದನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ಒಮ್ಮೆ ನಾಗಮಂಗಲದ ಬಸ್ಸಿನ ಕಂಡಕ್ಟರು ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. ನಾನು ಹಿಂದಿನ ಸೀಟಿನಿಂದ ಅವನದೇ ಮೂಗುದನಿಯಲ್ಲಿ "ರೈಟ್, ರೈಟ್, ಓಯ್ತಾ ಇರ್ಲಿ" ಎಂದೆ. ಬಸ್ಸು ಹೊರಟೇಬಿಟ್ಟಿತು. ಬೀಡಿ ಬಿಸಾಕಿ ಚೀಲ ಹಿಡಿದುಕೊಂಡು ಅವನು ಓಡಿ ಬಂದದ್ದನ್ನು ಬಿಂಡಿಗನವಿಲೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಆಗಲೇ ನನಗೆ ಅರವತ್ತು ದಾಟಿತ್ತು. ನಾಚಿಕೆ ಆಗಬೇಕಾದ ವಯಸ್ಸು. ಆಗಲಿಲ್ಲ.

ನಮ್ಮ ಮನೆತನದವರು ಗುಡಿಗಳ ಬಾಗಿಲು ಕೆತ್ತಿದವರು. ನಾನು ಸಭೆಯ ಹುಡುಗಿಯನ್ನು ಮದುವೆಯಾಗಿ ಸಭೆಗೆ ಬೆಂಚು ಮಾಡಿಕೊಟ್ಟೆ, ಆಮೇಲೆ ಆ ಬೆಂಚಿನ ಮೇಲೇ ಕೂತೆ. ಹೆಂಡತಿ ತೀರಿಕೊಂಡ ಮೇಲೂ ಬಿಡಲಿಲ್ಲ. ದೇವರಿಗಾಗಿ ಹೋಗುತ್ತಿದ್ದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಾನು ಹೋಗುತ್ತಿದ್ದದ್ದು ಊರು ಕೂಗುವುದನ್ನು ಕೇಳಲಿಕ್ಕೆ.

ನಮ್ಮ ಸಭೆಯವರು ಊರಿಗೊಬ್ಬರು ಇಬ್ಬರಂತೆ ಚದುರಿಹೋದವರು. ಶ್ರೀರಂಗಪಟ್ಟಣದ ಕಡೆ ಒಬ್ಬರು, ಕೆ.ಆರ್. ಪೇಟೆಯಲ್ಲಿ ಒಂದು ಮನೆ, ನಾಗಮಂಗಲದ ಹಳ್ಳಿಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಭಾನುವಾರ ಬಸ್ಸು ಹಿಡಿದು ಪಾಂಡವಪುರಕ್ಕೆ ಬಂದರೆ ಒಬ್ಬರಿಗೊಬ್ಬರು ಸಿಕ್ಕರು, ಇಲ್ಲದಿದ್ದರೆ ಇಲ್ಲ. ಪಾಸ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ಆರಾಧನೆ ನಡೆಸುತ್ತಿದ್ದವರು ಸಭೆಯ ಹಿರಿಯರಾದ ಮೇಷ್ಟ್ರು. ಸ್ಕೂಲಿನಿಂದ ರಿಟೈರಾಗಿದ್ದರೂ ಹಾಜರಿ ಕೂಗುವ ಚಟ ಬಿಟ್ಟಿರಲಿಲ್ಲ. ಕೊನೆಯ ಆಶೀರ್ವಾದಕ್ಕೆ ಮುಂಚೆ ಒಂದು ನೋಟ್ ಪುಸ್ತಕ ತೆಗೆದು, ಮಕ್ಕಳನ್ನು ಕೂಗುವ ರಾಗದಲ್ಲೇ ಒಂದೊಂದು ಊರನ್ನು ಕೂಗುತ್ತಿದ್ದರು. "ಬಿಂಡಿಗನವಿಲೆ?" "ಇವ್ನಿ." "ಶೀಳನೆರೆ?" "ಇವ್ನಿ." ಮೂರು ಸಲ ಕೂಗಿದರೂ ಯಾವ ಊರಾದರೂ ಓಗೊಡಲಿಲ್ಲವೋ, ಆ ವಾರ ಯಾರ ಪಾಳಿಯೋ ಆ ಇಬ್ಬರು ಮನೆಗೆ ಉಣ್ಣಲಿಕ್ಕೆ ಹೋಗುವಂತಿಲ್ಲ. ಸಭೆಯ ಬಾಗಿಲಿನಿಂದಲೇ ಬಸ್ಸು ಹತ್ತಿ ಆ ಊರಿಗೆ ಹೋಗಿ ನೋಡಿ ಬರಬೇಕು. ಒಮ್ಮೆ ಹೀಗೆ ಹೋದಾಗ ಒಬ್ಬಾತ ಜ್ವರದಲ್ಲಿ ಬಡಬಡಿಸುತ್ತಾ ಮಲಗಿದ್ದ. ಇನ್ನೊಮ್ಮೆ ಹೋದರೆ ಆ ಹೆಂಗಸಿಗೆ ಚಪ್ಪಲಿ ಕಿತ್ತುಹೋದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಬೈದು, ಕಾಫಿ ಕುಡಿದು ಬಂದೆವು.

ಗಂಜಾಂ ಅವ್ವ ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಮಾಡಿ ಮುದುಕಿಯಾದವಳು. ಮದುವೆ ಮಾಡಿಕೊಳ್ಳಲಿಲ್ಲ. ಒಂದು ವಠಾರದ ಹಿಂದುಗಡೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಸ್ಸು ಇಳಿದು ತಡವಾಗಿ ಬರುತ್ತಿದ್ದುದರಿಂದ ಬಾಗಿಲ ಪಕ್ಕ, ಬೀರುವಿನ ಮರೆಯಲ್ಲಿ ಕೂರುತ್ತಿದ್ದಳು. ಅವಳ ದನಿ ಒಡೆದ ಗಡಿಗೆಯಂತೆ ಕೆಳಗೆ ಶುರುವಾಗಿ ಕೊನೆಗೆ ಮೇಲಕ್ಕೆ ಹೋಗುತ್ತಿತ್ತು. ಮೇಷ್ಟ್ರು ಗಂಜಾಂ ಎಂದರೆ ಪ್ರತಿ ವಾರ ಒಂದೇ ಮಾತು: "ಇವ್ನಿ ಕಣ್ ಮೇಷ್ಟ್ರೇ, ಇನ್ನೂ ಸತ್ತಿಲ್ಲ." ಅಂಥ ದನಿಯನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ಅವಳು ಬಾಯಿ ತೆಗೆಯುವ ಮೊದಲೇ ಎಷ್ಟೋ ಸಲ ನಾನೇ ಅವಳ ದನಿಯಲ್ಲಿ ಓಗೊಟ್ಟಿದ್ದೆ. ಅವಳು ಛತ್ರಿ ಎತ್ತುತ್ತಿದ್ದಳು.

"ಲೇ ಆಚಾರಿ, ನನ್ ದನೀನೂ ಕದ್ಯೇನ್ಲಾ? ನಿನ್ ನಾಲ್ಗೆಗೆ ಗೆದ್ಲಿಡಿಯಾ!"

ಸಭೆಯೆಲ್ಲ ನಗುತ್ತಿತ್ತು. ಮೇಷ್ಟ್ರೂ ಪುಸ್ತಕದೊಳಗೇ ನಗುತ್ತಿದ್ದರು.

ಆ ಭಾನುವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಪಾಳಿ ನನ್ನದು ಮತ್ತು ಬಿಂಡಿಗನವಿಲೆಯ ಕುರಿ ಸಾಕುವ ಗೆಳೆಯನದು. ಅವನ ಮನೆಯಲ್ಲಿ ಅವತ್ತು ಮರಿ ಕುಯ್ದಿದ್ದರು, ನನ್ನನ್ನೂ ಊಟಕ್ಕೆ ಕರೆದಿದ್ದ. ಮೇಷ್ಟ್ರು "ಗಂಜಾಂ?" ಎಂದರು. ಉತ್ತರ ಬರಲಿಲ್ಲ. ನಾನು ತಿರುಗಿ ನೋಡಿದೆ. ಬೀರುವಿನ ಮರೆ ಖಾಲಿ ಇತ್ತು.

ಗೆಳೆಯ ನನ್ನ ಪಕ್ಕೆ ತಿವಿದ. "ಕೆಡ್ತಲ್ಲಣ್ಣೋ. ಈ ಬಿಸ್ಲಲ್ಲಿ ಗಂಜಾಂಗೆ ಓಗಾದಾ? ಬಾಡು ತಣ್ಗಾಯ್ತದೆ ಕಣೋ."

"ಸುಮ್ಕಿರ್ಲಾ" ಎಂದೆ.

"ಗಂಜಾಂ?" ಎಂದು ಮೇಷ್ಟ್ರು ಎರಡನೆಯ ಸಲ ಕೂಗಿದರು. ನಾನು ಹಾಡಿನ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದೆ.

"ಇವ್ನಿ ಕಣ್ ಮೇಷ್ಟ್ರೇ, ಇನ್ನೂ ಸತ್ತಿಲ್ಲ."

ಮುಂದಿನ ಬೆಂಚಿನ ಹೆಂಗಸರು ತಿರುಗದೆಯೇ ನಕ್ಕರು. ಕಣ್ಣು ಮಂಜಾದ ಮೇಷ್ಟ್ರು ಪುಸ್ತಕದಲ್ಲಿ ಗುರುತು ಹಾಕಿ ಮುಂದಿನ ಊರಿಗೆ ಹೋದರು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ನಾನು ಮಾಡಿರಲಿಲ್ಲ. ಇದನ್ನು ಜಂಬದಿಂದ ಹೇಳಿಕೊಳ್ಳಬೇಕೋ ಬೇಡವೋ ನನಗೆ ಈಗಲೂ ತಿಳಿಯದು. ಬಿಂಡಿಗನವಿಲೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ.

ಅವ್ವ ಬಿದ್ದದ್ದು ಹಿಂದಿನ ದಿನ ಶನಿವಾರ ಸಂಜೆ, ನೀರಿನ ಬಕೆಟ್ಟು ಎತ್ತುವಾಗ. ಫೋನು ಗೋಡೆಯ ಗೂಡಿನಲ್ಲಿತ್ತು, ಕೈಗೆ ಎಟುಕಲಿಲ್ಲ. ಪಕ್ಕದ ಕೋಣೆಯವಳು ನಿಮಿಷಾಂಬ ಗುಡಿಯ ಮುಂದೆ ನಿಂಬೆಹಣ್ಣಿನ ಹಾರ ಮಾರುವ ಹೆಂಗಸು. ಅವಳು ತಂಗಿಯ ಮನೆಗೆ ಹೋಗಿದ್ದಳು. ಮುಂದಿನ ಮನೆಯಲ್ಲಿ ಮದುವೆ, ಹಗಲೆಲ್ಲ ಮೈಕು. ಮಂಗಳವಾರ ಬೆಳಿಗ್ಗೆ ಆ ಹಾರದವಳು ಊರಿಂದ ಬಂದು ಕಿಟಕಿಯಲ್ಲಿ ಇಣುಕಿದ ಮೇಲೆಯೇ ವಿಷಯ ಹೊರಗೆ ಬಂದದ್ದು. ಆಸ್ಪತ್ರೆಯಲ್ಲಿ ಎದೆ ಬಲವಿಲ್ಲ, ಆಪರೇಷನ್ನು ತಡೆಯುವುದಿಲ್ಲ ಎಂದರು. ಬಿದ್ದ ಮಾರನೆಯ ದಿನವೇ ತಂದಿದ್ದರೆ ನೋಡಬಹುದಿತ್ತು ಎಂದೂ ಅಂದರಂತೆ. ಮತ್ತೆ ಅವಳ ಕೋಣೆಗೇ ತಂದು ಮಲಗಿಸಿದರು.

ಮುಂದಿನ ಭಾನುವಾರ ಮೇಷ್ಟ್ರು ಪುಸ್ತಕ ಹಿಡಿದು ಎದ್ದು ನಿಂತರು.

"ಅವ್ವ ಬಿದ್ದಿರಾದು ಶನ್ವಾರ. ಬಾನ್ವಾರ ನಾನು ಗಂಜಾಂಗೆ ಗುರ್ತು ಆಕಿವ್ನಿ. ನನ್ ಕಿವಿ ಓಗದೆ ಕಣ್ರಪ್ಪ. ಈ ಪುಸ್ತಕಾನ ಬ್ಯಾರೆಯೋರು ಇಸ್ಕೊಳಿ."

ಯಾರೂ ಇಸಿದುಕೊಳ್ಳಲಿಲ್ಲ. ನಾನು ಬಿಂಡಿಗನವಿಲೆಯವನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಅಂದು ಊರು ಕೂಗಲಿಲ್ಲ. ಆಶೀರ್ವಾದ ಮುಗಿಯಿತು, ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಒಬ್ಬರೂ ತಿರುಗಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದ ಗುರುತಿಲ್ಲದ ಜನ ಹೇಗೆ ಎದ್ದು ಹೋಗುತ್ತಾರೋ ಹಾಗೆ ಹೋದರು. ಮೇಷ್ಟ್ರು ಒಬ್ಬರೇ ಕೂತು ಕನ್ನಡಕ ಒರೆಸುತ್ತಿದ್ದರು.

"ಮೇಷ್ಟ್ರೇ, ನಿಮ್ ಕಿವಿ ಸರ್ಯಾಗೇ ಅದೆ" ಎಂದೆ. "ಅವತ್ತು ಕೂಗಿದ್ದು ನಾನು."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ತಮಾಸೆ ಮಾಡ್ದಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೌದು ಎನ್ನಬೇಕೆಂದೇ ಬಾಯಿ ತೆಗೆದೆ. "ತಮಾಸೆ ಅಲ್ಲ. ನಮ್ ಪಾಳಿ ಇತ್ತು. ಬಿಸ್ಲಿತ್ತು. ಬಾಡೂಟ ಇತ್ತು."

ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ, ಬಾರಿಸಲಿ ಎಂದೂ ಅನ್ನಿಸಿತು. "ನಂಗೇಳಿ ಏನ್ ಬಂತು? ಓಗಿ ಅವ್ವಂಗೆ ಏಳು. ಜೀವ ಇರೋಗಂಟ ಏಳ್ಬುಡು" ಎಂದರು.

ಎರಡು ದಿನ ಬಿಟ್ಟು ಮಧ್ಯಾಹ್ನದ ಹೊತ್ತು ಹೋದೆ. ಅವ್ವನನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಸಭೆಯವಳೇ, ಕೆ.ಆರ್. ಪೇಟೆಯ ನರ್ಸು. ಅವಳು ಬಟ್ಟೆ ಒಗೆಯಲಿಕ್ಕೆ ಹೊರಗೆ ಹೋಗಿದ್ದಳು. ಅವ್ವ ಮಂಚದ ಮೇಲೆ ಹಂಚು ನೋಡುತ್ತಾ ಮಲಗಿದ್ದಳು.

"ಯಾರ್ಲಾ, ಆಚಾರಿಯಾ? ಪೆಟ್ಗೆಗೆ ಅಳ್ತೆ ತಗಳಕ್ ಬಂದ್ಯಾ?"

ಬೇರೆ ದಿನವಾಗಿದ್ದರೆ ಇದಕ್ಕೆ ನನ್ನ ಹತ್ತಿರ ಹತ್ತು ಉತ್ತರ ಇರುತ್ತಿತ್ತು. ಕೂತು ಎಲ್ಲವನ್ನೂ ಹೇಳಿದೆ, ಬಾಡೂಟವನ್ನೂ ಬಿಡಲಿಲ್ಲ.

"ನನ್ನಂಗೇ ಇತ್ತಾ?"

"ನಿನ್ನಂಗೇ ಇತ್ತು ಕಣವ್ವ."

"ಎಲ್ಲಿ, ಒಂದ್ಕಿತ ಮಾಡು."

"ಬ್ಯಾಡ ಕಣವ್ವ."

"ಮಾಡ್ಲಾ ಅಂದ್ರೆ."

ಬಾಯಿ ತೆಗೆದೆ. ಗಂಟು ಮರದ ಮೇಲೆ ಮೊಂಡು ಉಜ್ಜುಗೊರಡು ಎಳೆದಂಥ ಸದ್ದು ಬಂತು, ಅಷ್ಟೇ.

"ಆ ದನೀಲೇ ಕಣ್ಲಾ ನಾನು ಕೂಗ್ಕಂಡಿದ್ದು" ಎಂದಳು ಅವ್ವ. "ನಲ್ಲಿ ತಾವ ನೀರಿಡಿಯೋರ ಮಾತು ನಂಗೆ ಕೇಳ್ತಿತ್ತು. ನನ್ ಕೂಗು ಅವ್ರ್ಗೆ ಕೇಳ್ನಿಲ್ಲ. ಬಾನ್ವಾರ ಮಾತ್ರ ನಾನು ಕೂಗ್ನೇ ಇಲ್ಲ, ಗೊತ್ತಾ? ಸುಮ್ಕೆ ಬಿದ್ಕಂಡಿದ್ದೆ. ಮೇಷ್ಟ್ರು ಊರು ಕೂಗ್ತಾರೆ, ನಾನು ಓ ಅನ್ನಾಕಿಲ್ಲ, ಎಲ್ಡು ಗಂಟೆ ಬಸ್ಸಿಗೆ ಯಾರಾರ ಬಂದೇ ಬತ್ತಾರೆ ಅಂತ. ಗಂಟ್ಲು ಯಾಕ್ ನೋಯಿಸ್ಕಳದು ಅಂತ. ಎಲ್ಡು ಗಂಟೆದು ಓಯ್ತು. ನಾಕು ಗಂಟೆದೂ ಓಯ್ತು."

ನಾನು ಅವಳ ಕಾಲು ಮುಟ್ಟಲು ಹೋದೆ. ಮುಟ್ಟಿದರೆ ನೋಯುತ್ತದೆ ಎಂದು ನೆನಪಾಗಿ ಮಂಚದ ಕಾಲು ಹಿಡಿದುಕೊಂಡೆ. "ನನ್ನ ಕ್ಷಮಿಸ್ಬುಡವ್ವ."

"ಕ್ಷಮಿಸ್ದೆ ಅನ್ನಕ್ಕೆ ಬಾಯ್ ಬತ್ತಿಲ್ಲ ಕಣಪ್ಪ" ಎಂದಳು. ಸಿಟ್ಟಿನಿಂದಲ್ಲ, ಹಸಿವಿಲ್ಲ ಎನ್ನುವವರ ಹಾಗೆ. "ನಾಳೆ ಬಾ, ನೋಡವ."

ಮರುದಿನ ಹೋದೆ. "ನಾಳೆ ಬಾ" ಎಂದಳು. ದಿನಾ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಬೆನ್ನು ಒರಗಿಸಲು ಹಲಗೆ ಮಾಡಿಕೊಟ್ಟೆ. ಮಲಗಿದಲ್ಲಿಂದ ಹಿಂದಿನ ಬೀದಿ ಕಾಣಲಿ ಎಂದು ಕಿಟಕಿಯನ್ನು ಕಿತ್ತು ಕೆಳಗೆ ಇಳಿಸಿ ಕೂರಿಸಿದೆ. ಅವಳು ಕಿಟಕಿ ಚೆನ್ನಾಗಿದೆ ಎಂದಳು, ಹಲಗೆ ಚೆನ್ನಾಗಿದೆ ಎಂದಳು. ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಕೀವಾಯಿತು, ಜ್ವರ ಏರಿತು. ಆರನೆಯ ವಾರ ಒಂದು ಬೆಳಿಗ್ಗೆ ನಾನು ಬಸ್ಸಿನಿಂದ ಇಳಿಯುವಷ್ಟರಲ್ಲಿ ವಠಾರದ ಮುಂದೆ ಜನ ನಿಂತಿದ್ದರು.

ಪೆಟ್ಟಿಗೆ ನಾನೇ ಮಾಡಿದೆ. ಮಣ್ಣು ಮಾಡಿದ ದಿನ, ಮೇಷ್ಟ್ರಿಗೆ ಹೇಳಿದ್ದನ್ನು ಎಲ್ಲರ ಎದುರಿಗೂ ಹೇಳಿದೆ. ಗೆಳೆಯನ ಹೆಸರು ಎತ್ತಲಿಲ್ಲ. ಆದರೂ ಅವನು ಆಮೇಲೆ ನಮ್ಮ ಸಭೆಗೆ ಬರಲಿಲ್ಲ. ಅವ್ವನ ಮೈ ತೊಳೆದ ನರ್ಸು ಅಂದು ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದು ಹೋದಳು.

ಆಮೇಲೆ ಸಭೆಯಲ್ಲಿ ಚರ್ಚೆ ನಡೆಯಿತಂತೆ, ನಾನು ಹೋಗಿರಲಿಲ್ಲ. ಕೆಲವರು ನನ್ನನ್ನು ತೆಗೆದುಹಾಕಿ ಎಂದರಂತೆ. ಒಬ್ಬರು ವಾಟ್ಸಾಪ್ ಗ್ರೂಪು ಮಾಡೋಣ, ದಿನಾ ಬೆಳಿಗ್ಗೆ ಎಲ್ಲರೂ ಒಂದು ಕೈಮುಗಿಯುವ ಚಿತ್ರ ಹಾಕಿದರೆ ಸಾಕು ಎಂದರಂತೆ. ಅದಕ್ಕೆ ಮೇಷ್ಟ್ರು, "ಪೋನಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ ಕಣಯ್ಯ" ಎಂದರಂತೆ. ಕೂಗುವುದು ಬೇಡ, ಇನ್ನು ಮೇಲೆ ಪ್ರತಿಯೊಬ್ಬರೂ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಕಣ್ಣಲ್ಲಿ ನೋಡಿಯೇ ಆರಾಧನೆಗೆ ಬರಬೇಕು ಎಂದು ತೀರ್ಮಾನವಾಯಿತಂತೆ.

ಎರಡು ಭಾನುವಾರ ನಾನು ಮನೆಯಲ್ಲೇ ಕೂತೆ. ಮೂರನೆಯ ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಸ್ಕೂಟರು ನಿಂತಿತು. ಕೆ.ಆರ್. ಪೇಟೆಯ ನರ್ಸು.

"ಏಳಣ್ಣ, ಒತ್ತಾಯ್ತು."

"ನಾನು ಬರಾಕಿಲ್ಲ ಕಣವ್ವ."

"ಬತ್ತೀಯೋ ಬುಡ್ತೀಯೋ ನಂಗ್ ಬ್ಯಾಡ. ಶೀಳನೆರೆ ನನ್ ಪಾಲಿಗೆ ಬಂದದೆ. ಬದ್ಕಿದ್ದೀಯಾ ಅಂತ ನೋಡಕ್ ಬಂದೆ, ನೋಡ್ದೆ." ಸ್ಕೂಟರು ತಿರುಗಿಸಿದಳು.

"ತಡಿ, ಅಂಗಿ ಆಕ್ಕತೀನಿ" ಎಂದೆ.

ಅವಳ ಹಿಂದೆ ಕೂತು ಪಾಂಡವಪುರಕ್ಕೆ ಹೋದೆ. ಒಳಗೆ ಹೋದ ಮೇಲೆ ಅವಳು ನನ್ನಿಂದ ದೂರದ ಬೆಂಚಿನಲ್ಲಿ ಕೂತಳು. ಈಗಲೂ ಹಾಗೇ. ನನ್ನ ಮೇಲಿನ ಅವಳ ಕೋಪ ಒಂದಿಷ್ಟೂ ಇಳಿದಿಲ್ಲ. ಒಂದು ಭಾನುವಾರವೂ ನನ್ನ ಬಾಗಿಲಿಗೆ ಬರುವುದನ್ನು ತಪ್ಪಿಸಿಲ್ಲ.