ಉಂಡವರ ಹೆಸರು ಹೇಳದ ಮನೆ

ಈ ಊರಿಗೆ ಬಂದ ಮೊದಲ ಭಾನುವಾರ ಮೊಸರಿನ ಪಾತ್ರೆ ಇಡಲು ಫ್ರಿಜ್ ಬಾಗಿಲು ತೆಗೆದೆ. ಮೊಟ್ಟೆ ಇಡುವ ಸಾಲಿನಲ್ಲಿ ಐದು ಮೊಬೈಲ್ ಫೋನುಗಳು ತಣ್ಣಗೆ ನಿಂತಿದ್ದವು. ನನ್ನ ಹಿಂದೆ ಮೇಜಿನ ಸುತ್ತ ಐದು ಜನ ಕುಳಿತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಪಕ್ಕದಲ್ಲಿ ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಫೋನುಗಳಿಗಿಂತ ನನ್ನ ಹೊಟ್ಟೆ ಉರಿಸಿದ್ದು ಆ ನೀರು. ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ನೀರು ಬಂದರೆ ತಂಬಿಗೆ ಸಹ ಬಿಡದೆ ತುಂಬಿಡುವವರು ನಾವು. ಹೋಗಿ ನಲ್ಲಿ ಬಂದ್ ಮಾಡಿದೆ. ಐವರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಬಿಳಿ ಕೂದಲಿನ ಹೆಂಗಸೊಬ್ಬರು ಎದ್ದು, ನಕ್ಕು, ಮತ್ತೆ ನಲ್ಲಿ ಬಿಟ್ಟರು.

ನಾನಿರುವುದು ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ. ಡಾಕ್ಟರಿಕೆ ಓದಲು ಇಲ್ಲಿಗೆ ಬಂದ ನಮ್ಮ ದೇಶದ ಹುಡುಗರ ಮೆಸ್ಸಿನಲ್ಲಿ ಅಡುಗೆ ಮಾಡುತ್ತೇನೆ. ಓದಿದ್ದು ಏಳನೆಯ ಇಯತ್ತೆ. ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆ ಹಳೆಯದು, ಮರದ ಜಗುಲಿಗಳು ನಾಲ್ಕೂ ಕಡೆಯಿಂದ ಒಂದೇ ಅಂಗಳವನ್ನು ನೋಡುತ್ತವೆ. ಅಂಗಳಕ್ಕೆ ಇಲ್ಲಿ ‘ಎಜೋ’ ಎನ್ನುತ್ತಾರೆ. ನಮ್ಮ ಹಳೇ ಹುಬ್ಬಳ್ಳಿಯ ವಾಡೆಯ ಹಾಗೆಯೇ ಇದೆ, ಆದರೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಚಳಿಗಾಲದಲ್ಲಿ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ಬ್ರೆಡ್ಡಿಗೆ ಇವರು ‘ಪುರಿ’ ಎನ್ನುತ್ತಾರೆ. ಬಾವಿಯಂಥ ಒಲೆಯ ಗೋಡೆಗೆ ಹಿಟ್ಟು ಬಡಿದು ಸುಡುತ್ತಾರೆ, ದೋಣಿಯ ಆಕಾರ, ಮೊಳದುದ್ದ. ಜೋಳದ ಹಿಟ್ಟು ಸಿಗುವುದಿಲ್ಲ. ಗೋವಿನಜೋಳದ ಹಿಟ್ಟು ಸಿಗುತ್ತದೆ. ಬಿಸಿನೀರಿನಲ್ಲಿ ನಾದಿ ರೊಟ್ಟಿ ಬಡಿದರೆ ಹತ್ತರಲ್ಲಿ ಆರು ಹರಿಯುತ್ತಿದ್ದವು. ಮೂರನೆಯ ತಿಂಗಳು ಒಂದೂ ಹರಿಯಲಿಲ್ಲ. ಮೆಸ್ಸಿನಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಾಳೆ. “ಕಾಕಾ, ಅವ್ವಗ ಫೋಟೋ ಕಳಸ್ತೇನ್ರಿ, ನಂಬೂದಿಲ್ಲ ಆಕಿ” ಎಂದು ತಿನ್ನುವ ಮೊದಲು ಫೋಟೋ ತೆಗೆದಳು. ಆ ದಿನ ನನ್ನ ನಡಿಗೆಯೇ ಬೇರೆ ಇತ್ತು.

ನಲ್ಲಿ ಬಿಟ್ಟ ಹೆಂಗಸಿನ ಹೆಸರು ವೇರಾ ಎಂದಿಟ್ಟುಕೊಳ್ಳಿ. ರಷ್ಯಾದವರು, ಪತ್ರಕರ್ತೆ. ನಮ್ಮಿಬ್ಬರ ಕೋಣೆಗಳಿಗೂ ಸೇರಿ ಒಂದೇ ಅಡುಗೆಮನೆ. ಒಮ್ಮೆ ಅವರ ಜೊತೆ ಸಂತೆಗೆ ಹೋದಾಗ ಸೊಪ್ಪು ಮಾರುವ ರಷ್ಯನ್ ಮುದುಕಿಯೊಬ್ಬಳು ಇವರ ಮುಖ ನೋಡಿ ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು ಅಳತೊಡಗಿದಳು. ಹದಿನೈದು ವರ್ಷ ದಿನಾ ಸಂಜೆ ಟಿವಿಯಲ್ಲಿ ಕಂಡ ಮುಖವಂತೆ. ನಾನು ಬೆರಗಾದೆ. ಇಷ್ಟು ಹೆಸರಾದವರು ನನ್ನ ಜೊತೆ ಒಂದೇ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಾರೆ!

ಆಮೇಲೆ ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಅವರ ಇಂಗ್ಲಿಷು ಮತ್ತು ನನ್ನ ಮೆಸ್ಸಿನ ಇಂಗ್ಲಿಷು ಕೂಡಿ ಹೇಗೋ ನಡೆಯುತ್ತಿತ್ತು. ಸಣ್ಣ ಊರಿನ ಪತ್ರಿಕೆಯಲ್ಲಿ ಓದುಗರ ಕಾಗದ ಒಡೆಯುವ ಕೆಲಸದಿಂದ ಶುರು ಮಾಡಿದರಂತೆ. ಛಾವಣಿ ಸೋರುತ್ತದೆ, ಪಿಂಚಣಿ ಬಂದಿಲ್ಲ ಎಂಬಂಥ ಕಾಗದಗಳು. ಯಾವುದು ಸುದ್ದಿ ಎಂದು ಕಲಿತದ್ದು ಅಲ್ಲಿಯೇ. ಆಮೇಲೆ ಮಾಸ್ಕೋ, ಟಿವಿ. ಟಿವಿಯ ಒಡೆತನ ಬದಲಾಯಿತು. ಮೇಲಿನವರು ಹೇಳಿದ್ದನ್ನು ಓದು ಎಂದರು, ಓದಲಿಲ್ಲ, ಹೊರಬಿದ್ದರು. ಇಂಟರ್ನೆಟ್ಟಿನಲ್ಲಿ ಸಣ್ಣ ಪತ್ರಿಕೆ ಕಟ್ಟಿದರು. ಆಗ ಸರ್ಕಾರ ಅವರನ್ನು ವಿದೇಶದವರ ಏಜೆಂಟರೆಂದು ಪಟ್ಟಿಗೆ ಹಾಕಿತು. ಬರೆದ ಪ್ರತಿಯೊಂದರ ತಲೆಯ ಮೇಲೂ ‘ನಾನು ಏಜೆಂಟ್’ ಎಂದು ದಪ್ಪಕ್ಷರದಲ್ಲಿ ತಾವೇ ಹಾಕಿಕೊಳ್ಳಬೇಕಂತೆ. ಯುದ್ಧ ಶುರುವಾದ ವಾರ ಒಂದು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದರು. ಅವರ ಜೊತೆ ಕೆಲಸ ಕಲಿತವರಲ್ಲಿ ಒಬ್ಬ ಈಗ ಅದೇ ಟಿವಿಯಲ್ಲಿ ದೊಡ್ಡ ಹೆಸರು, ಒಬ್ಬ ಜೈಲಿನಲ್ಲಿ, ಒಬ್ಬ ಈ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ.

“ಭಾನುವಾರ ಬರೋರು ಯಾರು?” ಎಂದು ಒಮ್ಮೆ ಕೇಳಿದೆ. ನಮ್ಮಲ್ಲಿ ಅದು ಸಹಜವಾದ ಪ್ರಶ್ನೆ. ಫೋನು ಫ್ರಿಜ್ಜಿನಲ್ಲಿಡುವುದೂ ನಲ್ಲಿ ಹರಿಬಿಡುವುದೂ ಕದ್ದು ಕೇಳುವವರಿಗೆ ಮಾತು ಸಿಗಬಾರದೆಂದು ಎನ್ನುವುದು ಅಷ್ಟರಲ್ಲಿ ತಿಳಿದಿತ್ತು.

“ಸೂಪು ಕುಡಿಯಲು ಬರುವವರು,” ಎಂದರು ವೇರಾ.

“ಹೆಸರು?”

“ಹಸಿದವರು.”

ನಕ್ಕೆ. ಆದರೆ ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ. ಯಾಕೆಂದು ಹೇಳುತ್ತೇನೆ. ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

ನಮ್ಮ ಕಡೆ ಮನೆಗೆ ಯಾರು ಬಂದು ಉಂಡು ಹೋದರು ಎನ್ನುವುದೇ ಮನೆಯ ಮರ್ಯಾದೆ. ‘ಅವರು ನಮ್ಮ ಮನ್ಯಾಗ ಉಂಡಾರ’ ಎಂದು ಹೇಳಿಕೊಳ್ಳದಿದ್ದರೆ ಅಡುಗೆ ಮಾಡಿದ್ದೇ ದಂಡ ಎನ್ನಿಸುತ್ತದೆ. ನಾನು ದೇಶಪಾಂಡೆ ನಗರದ ಒಂದು ಖಾನಾವಳಿಯಲ್ಲಿ ಅಡುಗೆಯವನಾಗಿದ್ದೆ. ತಂಗಿ ಗಿರಿಜಾ ಹುಬ್ಬಳ್ಳಿಯ ಸಣ್ಣ ಪತ್ರಿಕೆಯೊಂದರ ವರದಿಗಾರ್ತಿ. ಇಬ್ಬರೂ ಉಣಕಲ್ಲಿನ ಮನೆಯಲ್ಲಿದ್ದೆವು. ಒಂದು ದಿನ ರಾಯಾಪುರದ ಕಡೆಯ ವಸತಿನಿಲಯವೊಂದರ ಅಡುಗೆಮನೆಯಲ್ಲಿ ದುಡಿಯುವ ಹೆಣ್ಣುಮಗಳು ಮನೆಗೆ ಬಂದಳು. ಕೆಟ್ಟ ನೀರು ಕುಡಿದು ಅಲ್ಲಿನ ಹುಡುಗಿಯರು ಹಾಸಿಗೆ ಹಿಡಿದದ್ದನ್ನೂ ನಡೆಸುವವರು ಅದನ್ನು ಮುಚ್ಚಿಟ್ಟದ್ದನ್ನೂ ಹೇಳಿದಳು. ನಾನೇ ರೊಟ್ಟಿ ಬಡಿದು ಬಡಿಸಿದೆ. ಹೋಗುವಾಗ ಗಿರಿಜಾಳ ಕೈ ಹಿಡಿದು, “ಯವ್ವಾ, ನನ್ನ ಹೆಸರು ಮಾತ್ರ ಹೊರಗ ಬರಬಾರದು” ಎಂದಳು. ಗಿರಿಜಾ ಹೆಸರು ಹಾಕದೆ ಬರೆದಳು. ಸುದ್ದಿ ಬಂತು, ನೀರು ಸುಧಾರಿಸಿತು.

ಒಂದು ವಾರದ ಮೇಲೆ ವಸತಿನಿಲಯ ನಡೆಸುವವರ ಪೈಕಿ ಒಬ್ಬರು ನಮ್ಮ ಖಾನಾವಳಿಗೆ ಊಟಕ್ಕೆ ಬಂದರು. ಹೊಳಿಗೆ ಬಡಿಸುತ್ತಿದ್ದೆ.

“ಏನಪಾ ಬಸವರಾಜ, ನಿಮ್ಮ ತಂಗಿ ಕಥಿ ಭಾಳ ಛಲೋ ಕಟ್ತಾಳ ನೋಡು. ನೀ ಬ್ಯಾಳಿಗೆ ಒಗ್ಗರಣಿ ಹಾಕ್ತಿ, ಆಕಿ ಪೇಪರಿಗೆ ಹಾಕ್ತಾಳ.”

ಸುತ್ತ ಕುಳಿತವರು ನಕ್ಕರು. ನನಗೆ ತಡೆಯಲಿಲ್ಲ.

“ಒಗ್ಗರಣಿ ಅಲ್ರೀ ಸಾಹೇಬ್ರ, ಖರೇ ಐತಿ. ನಿಮ್ಮ ಅಡಗಿಮನಿ ಹೆಣ್ಮಗಳ ನಮ್ಮ ಮನ್ಯಾಗ ಕುಂತು, ನನ್ನ ಕೈಯಾನ ರೊಟ್ಟಿ ಉಂಡು ಹೇಳ್ಯಾಳ” ಎಂದು ಹೆಸರನ್ನೂ ಸೇರಿಸಿದೆ.

ಅವರು ಇನ್ನೊಂದು ಹೊಳಿಗೆ ಹಾಕಿಸಿಕೊಂಡರು. ಮರುದಿನ ಆ ಹೆಣ್ಣುಮಗಳ ಕೆಲಸ ಹೋಯಿತು.

ಅವಳು ನಮ್ಮ ಬಾಗಿಲಿಗೆ ಬಂದು ಗಿರಿಜಾಳಿಗೆ ಹೇಳಿದ್ದು ಒಂದೇ ಮಾತು: “ನಿನ್ನ ನಂಬಿದ್ನೆವ್ವಾ.” ನಾನು ಒಳಗೆ ಒಲೆಯ ಮುಂದಿದ್ದೆ. ಹೊರಗೆ ಬರಲಿಲ್ಲ.

ಗಿರಿಜಾ ತನ್ನ ಬರಹವನ್ನು ನೂರು ಸಲ ಓದಿದಳು. ‘ಬೆಳಗಿನ ಐದಕ್ಕೆ ಹಂಡೆ ತುಂಬುವವರು ಹೇಳುವಂತೆ’ ಎಂಬ ಸಾಲಿಗೆ ಬೆರಳಿಟ್ಟು, “ಇದರಿಂದನ ಗೊತ್ತಾತಣ್ಣಾ. ಐದಕ್ಕ ಹಂಡೆ ತುಂಬಾಕಿ ಆಕಿ ಒಬ್ಬಾಕಿನ” ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳು ಪತ್ರಿಕೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯಲು ಕುಳಿತಳು. ನಾನು ಆರು ತಿಂಗಳಲ್ಲಿ ಇಲ್ಲಿಗೆ ಬಂದೆ. ದುಡಿಯಲು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅವಳ ಎದುರಿಗೆ ಕುಳಿತು ಉಣ್ಣಲಾಗದೆ ಬಂದದ್ದು.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಗಿರಿಜಾಳ ಫೋನ್ ಬಂತು. ಅವಳ ಹಳೆಯ ಸಂಪಾದಕರು ಹೊಸ ಪತ್ರಿಕೆ ಶುರು ಮಾಡುತ್ತಾರಂತೆ, ಅವಳನ್ನು ಕರೆದಿದ್ದಾರೆ, ಸೋಮವಾರ ಉತ್ತರ ಹೇಳಬೇಕು.

“ಒಲ್ಲೆ ಅಂತ ಹೇಳಾಕತ್ತೇನಿ.”

“ಯಾಕವಾ?”

“ನನ್ನ ಕಡೆ ಕೊಟ್ಟ ಹೆಸರು ಒಳಗ ಉಳಿಯೂದಿಲ್ಲಣ್ಣಾ.”

ಆ ಭಾನುವಾರ ಪಾತ್ರೆ ತೊಳೆಯುವಾಗ ವೇರಾ ಅವರನ್ನು, ಯಾರದೋ ಕಥೆ ಎನ್ನುವ ಹಾಗೆ, ಕೇಳಿದೆ: ಹೆಸರು ಹೊರಬಿದ್ದು ಒಬ್ಬರ ಅನ್ನ ಹೋದರೆ ಬರೆದವರು ಏನು ಮಾಡಬೇಕು? ಅವರು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟರು. ಸಣ್ಣ ಊರಿನ ಪತ್ರಿಕೆಯಲ್ಲಿದ್ದಾಗ ಕಾರ್ಖಾನೆಯ ನರ್ಸ್ ಒಬ್ಬಳು ಅವರಿಗೆ ಸುದ್ದಿ ಕೊಟ್ಟು ಸಿಕ್ಕಿಬಿದ್ದಿದ್ದಳಂತೆ. ಅದು ಹೇಗೆ ಹೊರಬಿತ್ತೋ ಇಂದಿಗೂ ತಿಳಿದಿಲ್ಲ.

“ಈಗಲೂ ಬರೆಯುವಾಗ ಪ್ರತಿ ಪದ ಎತ್ತಿ ಅದರ ಕೆಳಗೆ ನೋಡುತ್ತೇನೆ,” ಎಂದರು. “ತಪ್ಪು ಸಿಕ್ಕಿದ್ದರೆ ಅದರ ಜೊತೆ ಬದುಕುತ್ತಿದ್ದೆ. ಸಿಗಲಿಲ್ಲ.” ಆಮೇಲೆ ನನ್ನ ಮುಖ ನೋಡಿ ಕೇಳಿದರು, “ನಿನಗೆ ಗೊತ್ತು, ಅಲ್ಲವೇ, ನೀನು ಹೇಳಿದ ಕಥೆಯಲ್ಲಿ ತಪ್ಪು ಎಲ್ಲಿದೆ ಎಂದು?”

ಅಂಗಳಕ್ಕೆ ಇಳಿದು ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ಅದು ದೀಪ ಹಚ್ಚುವ ಹೊತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗಿರಿಜಾ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅದಾವುದೂ ಇಲ್ಲ. ಪ್ರಶ್ನೆ ಕೇಳತೊಡಗಿದಳು:

“ಯಾವ ವಾರ?”

“ಗುರುವಾರ.”

“ಇನ್ನ ಯಾರ್ಯಾರು ಇದ್ರು ಅಲ್ಲೆ?”

ಹೇಳಿದೆ.

“ಪೂರಾ ಹೆಸರು ಹೇಳಿದ್ಯೋ, ಬರೇ ಅಡಗಿಯಾಕಿ ಅಂದ್ಯೋ?”

“ಪೂರಾ.”

“ನಾ ಆ ಸಾಲು ಓದಿ ಓದಿ ಸಾಯೂಮುಂದ ನೀ ಒಳಗ ಇದ್ದಿ.”

“ಇದ್ದೆ.”

“ನಾ ಹೋಗಿ ಆಕಿಗೆ ಹೇಳಂಗಿಲ್ಲ. ನೀನ ಹೇಳಬೇಕು. ಫೋನಿನ್ಯಾಗ ಅಲ್ಲ, ಎದುರಿಗೆ ನಿಂತು. ಅಲ್ಲೀತನಕ ಬರದು ಕಳಸು, ನಿನ್ನ ಹೆಸರು ಹಾಕಿ.”

ಫೋನ್ ಇಟ್ಟಳು. ಸೋಮವಾರ ಸಂಪಾದಕರಿಗೆ ಬರುತ್ತೇನೆ ಎಂದಳಂತೆ. ಅದನ್ನು ನನಗೆ ತಿಳಿಸಿದವರು ಸಂಪಾದಕರು. ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ಈ ಬರಹವನ್ನು ಮೊದಲು ಅವಳಿಗೇ ಕಳಿಸಿದೆ. ಮೂರು ದಿನದ ಮೇಲೆ ತಿರುಗಿ ಬಂತು. ಕಾಗುಣಿತ ಅಲ್ಲಲ್ಲಿ ತಿದ್ದಿದ್ದಳು. ಎರಡು ಸಾಲು ಪೂರ್ತಿ ಹೊಡೆದು ಹಾಕಿದ್ದಳು. ಒಂದರಲ್ಲಿ ಆ ಹೆಣ್ಣುಮಗಳ ಊರು ಬರೆದಿದ್ದೆ, ಇನ್ನೊಂದರಲ್ಲಿ ಅವಳಿಗೆ ಮಕ್ಕಳೆಷ್ಟು ಎಂದು. ಬದಿಯಲ್ಲಿ ಅವಳ ಅಕ್ಷರ: ‘ಇನ್ನೂ ಕಲಿಯಲಿಲ್ಲ ನೀನು.’ ಇಷ್ಟೆಲ್ಲ ಆದ ಮೇಲೂ ಉಂಡವರ ಗುರುತು ಹೇಳುವ ರೂಢಿ ಬಿಟ್ಟುಹೋಗಿರಲಿಲ್ಲ.

ಇಲ್ಲಿ ಯಾರೂ ನನ್ನನ್ನು ನೀನು ಯಾರ ಪೈಕಿ ಎಂದು ಕೇಳುವುದಿಲ್ಲ. ಮೊದಮೊದಲು ಅದು ಆರಾಮ ಎನಿಸುತ್ತಿತ್ತು, ಈಗ ಕೆಲವು ದಿನ ಯಾರಾದರೂ ಕೇಳಲಿ ಎನಿಸುತ್ತದೆ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದರೆ ಮೆಸ್ ಎರಡು ತಿಂಗಳು ಬಂದ್. ಟಿಕೆಟ್ ತೆಗೆಸಿದ್ದೇನೆ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಮೊದಲು ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕೆಂದು ಗೊತ್ತಿದೆ. ಅದು ಆದ ಮೇಲೆ ಸಂಜೆ ಯಾವ ಮನೆಗೆ ಹೋಗಬೇಕು ಎನ್ನುವುದು ಗೊತ್ತಿಲ್ಲ.