ಅಕ್ಕನ ಫೈಲು

ಆಸ್ಪತ್ರೆಯ ಫೈಲು ಕೋಣೆಯಲ್ಲಿ ಅವರು ಮೂವತ್ತೊಂದು ವರ್ಷ ಕೆಲಸ ಮಾಡಿದರು. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಕಬ್ಬಿಣದ ಕಪಾಟು. ರೋಗಿಯ ಸಹಿ ಇಲ್ಲದೆ ಫೈಲು ಯಾರಿಗೂ ತೋರಿಸಬಾರದು, ಒಳಗಿನದನ್ನು ಯಾರಿಗೂ ಹೇಳಬಾರದು ಎಂದು ಸರ್ಕಾರದ ನಿಯಮ. ಉಳಿದವರು ಅದನ್ನು ಗೋಡೆಗೆ ಅಂಟಿಸಿ ಮರೆತರು. ಇವರು ಮರೆಯಲಿಲ್ಲ. ಜೊತೆಯವರು ಬೀಗಪ್ಪ ಎಂದು ಹೆಸರಿಟ್ಟರು.

ಬೀದಿಯಲ್ಲಿ ಯಾರು ಸಿಕ್ಕರೂ "ಹೇಗಿದ್ದೀರಿ?" ಎಂದು ಕೇಳುತ್ತಿರಲಿಲ್ಲ. ಕೇಳಿದರೆ, ಅವರಿಗೆ ಏನೋ ಆಗಿತ್ತೆಂದು ಪಕ್ಕದವರಿಗೆ ತಿಳಿದುಬಿಡುತ್ತದಂತೆ. ಜ್ವರದಿಂದ ಎದ್ದ ಅತ್ತೆಯನ್ನೂ ಕೇಳಲಿಲ್ಲ. "ನಿನ್ನ ಗಂಡನಿಗೆ ನಾನು ಇದ್ದರೂ ಒಂದೇ, ಸತ್ತರೂ ಒಂದೇ" ಎಂದು ಅತ್ತೆ ಮಗಳ ಮುಂದೆ ಮುಖ ಊದಿಸಿಕೊಂಡು ಕೂತರು.

ಒಂದು ದಿನ ಹೆಂಡತಿ ತನ್ನ ಅಕ್ಕ ಆಸ್ಪತ್ರೆಯ ಗೇಟಿನಿಂದ ಬರುವುದನ್ನು ಕಂಡಳು. ಅಕ್ಕ ಕೊಡೆ ಅಡ್ಡ ಹಿಡಿದು ರಸ್ತೆ ದಾಟಿಬಿಟ್ಟಳು. ಫೋನು ಮಾಡಿದರೆ "ಏನಿಲ್ಲ ಕಣೇ, ಯಾರನ್ನೋ ನೋಡೋಕೆ ಹೋಗಿದ್ದೆ" ಎಂದಳು. ಇರುವವರು ಇಬ್ಬರೇ ಅಕ್ಕತಂಗಿಯರು. ಗಂಡ ಮನೆಗೆ ಬರುತ್ತಲೇ ಹೆಂಡತಿ ಕೇಳಿದಳು.

"ಅಕ್ಕನಿಗೆ ಏನಾಗಿದೆ ರೀ?"

"ಅವರನ್ನೇ ಕೇಳು."

"ನೀವು ಫೈಲು ನೋಡಿರ್ತೀರ."

"ದಿನಾ ನೂರು ಫೈಲು ನೋಡ್ತೀನಿ."

"ನಾನೇನು ಹೊರಗಿನವಳಾ? ಆ ರೂಲ್ಸೇನು ನಿಮಗೆ ಅನ್ನ ಹಾಕುತ್ತಾ?"

"ಹಾಕುತ್ತಲ್ಲ, ಸಂಬಳ ಕೊಡೋದೇ ಅದಕ್ಕೆ."

ಹೆಂಡತಿ ಮಾತು ಬಿಟ್ಟಳು. ತಟ್ಟೆ ಕುಕ್ಕಿ ಇಟ್ಟಳು. ಏನು ಹೇಳಬೇಕಿದ್ದರೂ ಗೋಡೆಗೆ ಹೇಳಿದಳು. ಅವರು ಎಂದಿನಂತೆ ಉಂಡು ಎದ್ದರು.

ಹತ್ತನೆಯ ದಿನ ಅಕ್ಕನೇ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು, "ಎದೇಲಿ ಗಂಟಿತ್ತು. ತೆಗೆದರು. ಪರೀಕ್ಷೆಯೂ ಆಯ್ತು, ಕೆಟ್ಟದ್ದಲ್ಲವಂತೆ."

ಹೆಂಡತಿ ಮೊದಲು ಅತ್ತಳು, ಆಮೇಲೆ ಬೈದಳು. "ಒಡಹುಟ್ಟಿದವಳಿಗೆ ಹೇಳೋಕಾಗಲಿಲ್ವಾ?"

"ನಿನಗೆ ಹೇಳಿದ್ರೆ ಸಂಜೆಯೊಳಗೆ ಬೀದಿಗೆಲ್ಲ ಡಂಗುರ. ಅಮ್ಮ ಊಟ ಬಿಟ್ಟು ಕೂರೋಳು. ನಿನ್ನ ಗಂಡ ಇದ್ದಾನೆ ಅಂತಲೇ ಆ ಆಸ್ಪತ್ರೆಗೆ ಹೋದೆ ಕಣೇ."

ಸಂಜೆ ಅವರು ಕೈ ತೊಳೆದು ಊಟಕ್ಕೆ ಕೂತರು. ಹೆಂಡತಿ ಬಡಿಸುತ್ತಾ ಹೇಳಿದಳು, "ಅಕ್ಕ ಬಂದಿದ್ದಳು. ಗಂಟಿನ ವಿಷಯ ಎಲ್ಲ ಹೇಳಿದಳು."

"ಯಾವ ಗಂಟು?" ಎಂದರು ಅವರು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೌಟು ಹಿಡಿದೇ ಗೋಡೆಗೆ ಒರಗಿದಳು. ಅವರು ತಲೆ ಎತ್ತದೆ ಉಣ್ಣುತ್ತಿದ್ದರು; ಕಿವಿ ಮಾತ್ರ ಕೆಂಪಾಗಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ. ಆ ಫೈಲು ನೋಡಿದ್ದಾಗಿ ಅವರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.